ವಿಷಮದ್ಯವೂ ದಂಡನೀತಿಯೂ

2008ನೆಯ ಇಸವಿಯ ಮೇ ತಿಂಗಳಿನ ನಡುಭಾಗದಲ್ಲಿ, ಕರ್ನಾಟಕವು ರಾಷ್ಟ್ರಪತಿಯ ಆಳ್ವಿಕೆಗೊಳಪಟ್ಟು, ವಿಧಾನಸಭೆಯ ಚುನಾವಣೆ ಮೂರು ಹಂತಗಳಲ್ಲಿ ನಡೆಯುತ್ತಿದ್ದ ದಿವಸಗಳಲ್ಲಿ, ಬೆಂಗಳೂರಿನ ಕೂಲಿಕಾರರ ಕೇರಿಗಳಿಂದ ಮೊದಲ್ಗೊಂಡು ಆನೇಕಲ್ಲು, ಕೋಲಾರ ಜಿಲ್ಲೆ, ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆ, ಇವುಗಳವರೆಗೆ ಹಬ್ಬಿದ ಭೂಭಾಗದಲ್ಲಿ 150ಕ್ಕೂ ಹೆಚ್ಚು ಮಂದಿ ಮೆಥನಾಲ್ ಬೆರೆತ ಕಳ್ಳಸಾರಾಯಿಯನ್ನು ಕುಡಿದು ಕೆಲವೇ ದಿನಗಳೊಳಗೆ ಅಸುನೀಗಿದರು. ಸತ್ತವರಲ್ಲಿ ಬಹುಮಂದಿ ದಿನಗೂಲಿಯವರು. ಉಳಿದುಕೊಂಡವರಲ್ಲಿ ಕೆಲವರು ದೃಷ್ಟಿಯನ್ನು ಕಳೆದುಕೊಂಡರು. ಇದಕ್ಕೆ ಇಪ್ಪತ್ತೇಳು ವರ್ಷಗಳ ಹಿಂದೆ, 1981ರ ಜುಲೈ ತಿಂಗಳಲ್ಲಿ, ಬೆಂಗಳೂರಿನಲ್ಲಿಯೇ 300ಕ್ಕೂ ಮಿಕ್ಕ ಜನ ಇದೇ ರೀತಿಯಲ್ಲಿ ಮಡಿದಿದ್ದರು. ಎರಡು ಸಂದರ್ಭಗಳಲ್ಲಿಯೂ ಎದ್ದ ಕೂಗು ಒಂದೇ: ಮಾರಿದವನನ್ನು ನೇಣಿಗೇರಿಸಬೇಕು. ಆ ಕೂಗಿನಲ್ಲಿರುವ ನ್ಯಾಯವೆಷ್ಟು, ಅದರಿಂದ ಆಗಬಹುದಾದ ರಕ್ಷಣೆಯೆಷ್ಟು ಎಂಬುದನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ವಿಚಾರಿಸುವುದು ಈ ಲೇಖನದ ಉದ್ದೇಶ.

ಈ ನಾಲ್ಕು ತಾಲ್ಲೂಕುಗಳನ್ನೇ ಹೆಸರಿಸುವುದಕ್ಕೆ ಕಾರಣವಿದೆ. ಮಾಲೂರಿನ ಇಟ್ಟಿಗೆ ಗೂಡುಗಳಿಂದ ಹೊಸೂರಿನ ದಾರಿ ದೂರವಲ್ಲ; ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನೊಡನೆ ಸೇರಿಹೋದ ಮಾಸ್ತಿಯು ಈ ತಾಲ್ಲೂಕಿನಲ್ಲಿಯೇ, ತಮಿಳುನಾಡಿನ ಗಡಿಗೆ ಸಮೀಪದಲ್ಲಿದೆ. ಡಿ.ವಿ.ಜಿ.ಯವರ ಮುಳಬಾಗಿಲನ್ನು ದಾಟಿ ಪೂರ್ವಕ್ಕೆ ಹೊರಟ ಹೆದ್ದಾರಿ ನಂಗಲಿಯನ್ನು ಕಳೆದೊಡನೆಯೇ ಆಂಧ್ರಪ್ರದೇಶವನ್ನು ಪ್ರವೇಶಿಸಿ ಪಲಮನೇರು, ಚಿತ್ತೂರುಗಳ ಕಡೆಗೆ ಹೋಗುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ರಾಯಲ್ಪಾಡಿನ ಮೇಲೆ ಹಾದ ರಸ್ತೆ ಮದನಪಲ್ಲಿಯನ್ನು ಸೇರುತ್ತದೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕೆಲಸದ ಸ್ಥಳದಲ್ಲಿ ತಮಿಳು ಎಂಬಂತೆ ಮೂರು ನುಡಿಗಳೂ ಒಬ್ಬನ ಬಾಯಲ್ಲಿಯೇ ಸಹಜವಾಗಿ ಆಡುವ ಈ ಸೀಮೆಯಲ್ಲಿ ನೆಂಟಸ್ತಿಕೆಗೂ ವ್ಯಾಪಾರಕ್ಕೂ ಗಡಿಯೆಂಬುದು ಅಡ್ಡಿಯಾದುದಿಲ್ಲ. ಕಾನೂನಿಗೆ ಮಾತ್ರ ಅದು ಗೋಡೆ. ಇಂದಿನ ಕೃಷ್ಣಗಿರಿಯು ಹಿಂದೆ ಸೇಲಂ ಜಿಲ್ಲೆಗೆ ಸೇರಿದ್ದಿತು. ರಾಜಾಜಿಯವರು 1937ರಲ್ಲಿ ಮದರಾಸು ಪ್ರಾಂತ್ಯದ ಪಾನನಿರೋಧವನ್ನು ಆರಂಭಿಸಿದುದು ಆ ಸೇಲಂ ಜಿಲ್ಲೆಯಲ್ಲಿಯೇ. ಆಂಧ್ರದಲ್ಲಿ, 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಹೂಡಿದ ಸಾರಾಯಿ ವಿರೋಧಿ ಚಳವಳಿಯ ಫಲವಾಗಿ 1995ರಲ್ಲಿ ಪೂರ್ಣ ಪಾನನಿಷೇಧ ಬಂದು, 1997ರಲ್ಲಿ ಹೋಯಿತು. ಗಡಿಯ ಒಂದು ಮಗ್ಗುಲಲ್ಲಿ ನಿಷೇಧ, ಇನ್ನೊಂದು ಮಗ್ಗುಲಲ್ಲಿ ಮಾರಾಟ ಎಂಬ ಸ್ಥಿತಿ ಏರ್ಪಟ್ಟಾಗ ನಡುರಾತ್ರಿಯ ವ್ಯಾಪಾರ ಹೇಗೆ ಬೆಳೆಯುವುದೆಂಬುದನ್ನು ಇಲ್ಲಿನವರಿಗೆ ಯಾರೂ ವಿವರಿಸಬೇಕಾದುದಿಲ್ಲ.

ನಮ್ಮ ರಾಜ್ಯದಲ್ಲಿ ಸಾರಾಯಿಯನ್ನು ನಿಷೇಧಿಸಿದುದು 2007ರ ಜುಲೈ 1ರಿಂದ. ಅದಕ್ಕೆ ಮೊದಲು ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಾರಾಯಿ ಹಳ್ಳಿಹಳ್ಳಿಯ ಅಂಗಡಿಗೂ ಬಂದು, ಗುತ್ತಿಗೆದಾರರನ್ನು ಕೊಬ್ಬಿಸಿ, ಬಡವರ ಮನೆಗಳನ್ನು ಬರಿದುಮಾಡಿದ್ದಿತು. ಅದನ್ನು ನಿಲ್ಲಿಸಿದ ನಿರ್ಧಾರವನ್ನು ಎಷ್ಟೋ ಮಂದಿ ತಾಯಂದಿರು ಹರಸಿದ್ದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾರಾಯಿ ಹೋದ ಮಾತ್ರಕ್ಕೆ ಚಟ ಹೋಗಲಿಲ್ಲ. ಪರವಾನಗಿಯ ಅಂಗಡಿಯಲ್ಲಿ ಸಿಕ್ಕುವ ಮದ್ಯದ ಬೆಲೆಯು ದಿನಗೂಲಿಯವನ ಕೈಗೆ ನಿಲುಕದಿದ್ದಾಗ, ಅವನ ಹಸಿವಿಗೂ ದಣಿವಿಗೂ ಹೊರತಾದ ಮೂರನೆಯ ಬಾಧೆಯನ್ನು ತಣಿಸುವುದಕ್ಕೆ ಕಳ್ಳಭಟ್ಟಿಯವನು ಕಾದಿದ್ದನು. ಹನ್ನೊಂದು ತಿಂಗಳು ಕಳೆಯುವಷ್ಟರಲ್ಲಿಯೇ ಮೇ ತಿಂಗಳ ದುರಂತ ನಡೆದುಹೋಯಿತು. ನಿಷೇಧವೇ ತಪ್ಪೆಂದು ಇದರಿಂದ ಸಾಧಿಸಲಾಗದು. ಬೆಂಗಳೂರಿನ 1981ರ ಸಾವುಗಳು ಸಾರಾಯಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಕಾಲದವು. ಬಾಗಿಲನ್ನು ಮುಚ್ಚುವ ಸರ್ಕಾರ ಕಿಟಕಿಯ ಕಡೆಗೂ ನೋಡಬೇಕು ಎಂಬುದಿಷ್ಟೇ ಇದರ ತಾತ್ಪರ್ಯ.

ಕಳ್ಳಭಟ್ಟಿಯೆಂದರೆ ಎಲ್ಲವೂ ಒಂದೇ ಜಾತಿಯದಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಬೆಲ್ಲವನ್ನೂ ನವಸಾಗರವನ್ನೂ ಮರದ ತೊಗಟೆಯನ್ನೂ ನೀರಿನಲ್ಲಿ ಕೊಳೆಹಾಕಿ, ಅಬಕಾರಿಯವರ ಮಹಜರುಗಳಲ್ಲಿ ಬೆಲ್ಲದ ಕೊಳೆಯೆಂದು ಬರೆಯಲ್ಪಡುವ ಆ ದ್ರವವನ್ನು ಕಾಯಿಸಿ ಇಳಿಸಿದ ಸಾರಾಯಿಯು ಕುಡಿಯುವವನನ್ನು ಮೆಲ್ಲಮೆಲ್ಲನೆ ಕೊಲ್ಲುತ್ತದೆ. ಒಂದೇ ರಾತ್ರಿಯಲ್ಲಿ ಒಂದು ಕೇರಿಯನ್ನು ಅಳಿಸತಕ್ಕದ್ದು ಬೇರೆ: ಬಣ್ಣ, ಮೆರುಗೆಣ್ಣೆ, ತಿನ್ನರ್, ಫಾರ್ಮಲಿನ್ ಮೊದಲಾದುವುಗಳ ತಯಾರಿಕೆಗಾಗಿ ಕಾರ್ಖಾನೆಗಳಿಗೆ ಹೋಗುವ ಮೆಥನಾಲ್. ಇದು ಕುಡಿಯುವ ಮದ್ಯಸಾರದಂತೆಯೇ ನಿರ್ಮಲ. ವಾಸನೆಯಲ್ಲಿಯೂ ಹೆಚ್ಚು ಭೇದವಿಲ್ಲ. ಬೆಲೆ ಮಾತ್ರ ಕಡಿಮೆ. ದೇಹದೊಳಕ್ಕೆ ಹೋದ ಮೇಲೆ ಯಕೃತ್ತು ಇದನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿಯೂ ಬಳಿಕ ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಆ ಆಮ್ಲವು ರಕ್ತವನ್ನು ಕೆಡಿಸಿ ಕಣ್ಣಿನ ನರವನ್ನು ಸುಡುತ್ತದೆ. 10 ಮಿಲಿಲೀಟರಿನಷ್ಟು ಶುದ್ಧ ಮೆಥನಾಲ್ ಕುರುಡುಮಾಡಬಲ್ಲದು. 30 ಮಿಲಿಲೀಟರು ಪ್ರಾಣವನ್ನೇ ತೆಗೆಯಬಲ್ಲದು. ಇದರಲ್ಲಿ ಅತ್ಯಂತ ವಂಚಕವಾದ ಗುಣವೆಂದರೆ ಅದರ ನಿಧಾನ. ಸಾಮಾನ್ಯವಾಗಿ 12ರಿಂದ 24 ಗಂಟೆಗಳವರೆಗೆ ದೊಡ್ಡ ಚಿಹ್ನೆಯೇನೂ ತೋರದೆ, ಕುಡಿದವನು ಮಲಗಿ ಎದ್ದು ಕೆಲಸಕ್ಕೂ ಹೋಗುವುದುಂಟು. ಆಮೇಲೆ ವಾಂತಿ, ಹೊಟ್ಟೆನೋವು, ಕಣ್ಣಿಗೆ ಮಂಜು ಕವಿದಂತಾಗುವುದು. ಮನೆಯವರು ರಾತ್ರಿಯ ಅಮಲು ಇನ್ನೂ ಇಳಿದಿಲ್ಲವೆಂದು ಸುಮ್ಮನಿರುತ್ತಾರೆ. ಈ ವಿಷಕ್ಕೆ ಪ್ರತಿವಿಷವುಂಟು, ರಕ್ತಶೋಧನೆಯ ಯಂತ್ರವುಂಟು, ರಕ್ತದ ಆಮ್ಲತೆಯನ್ನು ತಗ್ಗಿಸುವ ಸುಲಭವಾದ ಔಷಧವೂ ಉಂಟು. ಆದರೆ ಅವೆಲ್ಲವೂ ವೇಳೆಯೊಡನೆ ಹೋರಾಡತಕ್ಕವು; ವೇಳೆ ಕಳೆದರೆ ಮಹಾಪಂಡಿತನಾದ ವೈದ್ಯನೂ ನಿರುಪಾಯನು.

ಹೀಗೆ ಸತ್ತವರ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ? 2008ರಲ್ಲಿ ಜಾರಿಯಲ್ಲಿದ್ದ ಭಾರತೀಯ ದಂಡಸಂಹಿತೆಯಲ್ಲಿ ಪಾನೀಯಕ್ಕೆ ಹಾನಿಕರವಾದ ವಸ್ತುವನ್ನು ಬೆರಸಿದವನಿಗೆ 272ನೆಯ ಕಲಮಿನ ಮೇರೆಗೆ ಆರು ತಿಂಗಳ ಸೆರೆ, ಇಲ್ಲವೆ ಸಾವಿರ ರೂಪಾಯಿ ದಂಡವಿದ್ದಿತು. ಅಜಾಗರೂಕತೆಯಿಂದ ಸಾವನ್ನುಂಟುಮಾಡಿದವನಿಗೆ 304-ಎ ಕಲಮು ಎರಡು ವರ್ಷಗಳನ್ನು ವಿಧಿಸುತ್ತಿದ್ದಿತು. ತನ್ನ ಕೃತ್ಯದಿಂದ ಸಾವು ಸಂಭವಿಸಬಹುದೆಂಬ ಅರಿವು ಇದ್ದೂ ಮಾಡಿದನೆಂದು ಸಿದ್ಧವಾದರೆ 304ನೆಯ ಕಲಮಿನ ಎರಡನೆಯ ಭಾಗದಂತೆ ಹತ್ತು ವರ್ಷಗಳವರೆಗೆ ಶಿಕ್ಷೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯು ಅಂಕಿಗಳನ್ನು ಬದಲಾಯಿಸಿ, ಅಜಾಗರೂಕತೆಯ ಸಾವಿಗೆ ಐದು ವರ್ಷಗಳವರೆಗೆ ಸೆರೆಯನ್ನಿಟ್ಟು, ಉಳಿದಂತೆ ಅದೇ ವಿಂಗಡಣೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿದೆ. ಕರ್ನಾಟಕ ಅಬಕಾರಿ ಅಧಿನಿಯಮವಾದರೋ 1965ರದು. ರಾಜ್ಯದ ಆದಾಯವನ್ನು ಕಾಯುವುದು ಅದರ ಹೃದಯ. ಪದೇಪದೇ ಹೂಡಲ್ಪಡುವ 32 ಮತ್ತು 34ನೆಯ ಕಲಮುಗಳು ಪರವಾನಗಿಯಿಲ್ಲದೆ ತಯಾರಿಸಿದುದನ್ನೂ ಸಾಗಿಸಿದುದನ್ನೂ ಇಟ್ಟುಕೊಂಡುದನ್ನೂ ನೋಡುತ್ತವೆ. ಆ ಕಲಮುಗಳ ದೃಷ್ಟಿಗೆ ಹೆಣಗಳು ಬೀಳುವುದಿಲ್ಲ. ಇವುಗಳ ಜೊತೆಗೆ, ಕಳ್ಳಸಾರಾಯಿಯವರನ್ನೂ ಮಾದಕದ್ರವ್ಯದ ಅಪರಾಧಿಗಳನ್ನೂ ವಿಚಾರಣೆಗೆ ಮುಂಚೆಯೇ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶಕೊಡುವ, ಜನ ಗೂಂಡಾ ಕಾಯಿದೆಯೆಂದು ಕರೆಯುವ 1985ರ ಶಾಸನವಿದೆ. 2008ರ ವೇಳೆಗೆ ಅದಕ್ಕೆ ಇಪ್ಪತ್ತಮೂರು ವರ್ಷ ವಯಸ್ಸಾಗಿದ್ದಿತು.

ಇತರ ರಾಜ್ಯಗಳು ಇದಕ್ಕಿಂತ ಬಹಳ ಮುಂದಕ್ಕೆ ಹೋಗಿವೆ. 1982ರ ಓಣಂ ಸಮಯದಲ್ಲಿ ವೈಪಿನ್ ದ್ವೀಪದಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಕೇರಳವು ತನ್ನ ಅಬಕಾರಿ ಕಾಯಿದೆಗೆ 57-ಎ ಎಂಬ ಕಲಮನ್ನು ಸೇರಿಸಿ, ವಿಷ ಬೆರಸಿ ಸಾವನ್ನುಂಟುಮಾಡಿದವನಿಗೆ ಮರಣದಂಡನೆಯವರೆಗೂ ಶಿಕ್ಷೆಯನ್ನಿಟ್ಟಿತು. ತಾನು ಬೆರಸಲಿಲ್ಲವೆಂದು ತೋರಿಸುವ ಹೊಣೆಯನ್ನೂ ಆಪಾದಿತನ ಮೇಲೆಯೇ ಹೊರಿಸಿತು. ಗುಜರಾತು 2009ರಲ್ಲಿ ಅಹಮದಾಬಾದಿನ ದುರಂತದ ಅನಂತರ, ಬಿಹಾರವು 2016ರ ತನ್ನ ಪಾನನಿಷೇಧದ ಶಾಸನದಲ್ಲಿ, ಉತ್ತರಪ್ರದೇಶವು 2017ರಲ್ಲಿ, ಪಂಜಾಬು ಮತ್ತು ಮಧ್ಯಪ್ರದೇಶಗಳು 2021ರಲ್ಲಿ ಒಂದಲ್ಲ ಒಂದು ಬಗೆಯಿಂದ ನೇಣನ್ನು ಪುಸ್ತಕದಲ್ಲಿ ಬರೆದುವು. ನಮ್ಮ ನೆರೆಯ ತಮಿಳುನಾಡು, 2024ರ ಜೂನ್ ತಿಂಗಳಲ್ಲಿ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನರು ಸತ್ತೊಡನೆಯೇ, ಅದೇ ತಿಂಗಳ 29ರಂದು, ತನ್ನ 1937ರ ಕಾಯಿದೆಯನ್ನು ತಿದ್ದಿ, ಸಾವಿಗೆ ಕಾರಣನಾದ ಕಳ್ಳಸಾರಾಯಿಯವನಿಗೆ ಜೀವಾವಧಿಯ ಕಠಿಣ ಸೆರೆಯನ್ನೂ ಹತ್ತು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡವನ್ನೂ ವಿಧಿಸುವ ಮಸೂದೆಯನ್ನು ಅಂಗೀಕರಿಸಿತು. ಹೊಸೂರಿನಲ್ಲಿ ಹೀಗಿರುವಾಗ ಮಾಲೂರಿನಲ್ಲೇಕೆ ಇರಬಾರದು ಎಂಬ ಪ್ರಶ್ನೆ ಸಹಜವಾಗಿ ಏಳತಕ್ಕದ್ದೇ.

ಈ ಪ್ರಶ್ನೆಗೆ ಉತ್ತರವನ್ನು ಕೊಡುವ ಮುನ್ನ ಆ ಶಾಸನಗಳ ಚರಿತ್ರೆಯನ್ನು ನೋಡೋಣ. ಕೇರಳದಲ್ಲಿ ಮರಣದಂಡನೆಯ ಕಲಮು ಬಂದಮೇಲೆ, 2000ದ ಅಕ್ಟೋಬರಿನಲ್ಲಿ, ಕೊಲ್ಲಂ ಜಿಲ್ಲೆಯ ಕಲ್ಲುವಾತುಕ್ಕಲ್ಲಿನಲ್ಲಿ 31 ಮಂದಿ ಸತ್ತರು. ಗುಜರಾತಿನಲ್ಲಿ 2009ರ ತಿದ್ದುಪಡಿಯಾಗಿದ್ದರೂ 2022ರ ಜುಲೈ ತಿಂಗಳಲ್ಲಿ ಬೋಟಾದ್ ಜಿಲ್ಲೆಯ ಸುತ್ತ ನಲವತ್ತಕ್ಕೂ ಹೆಚ್ಚು ಜನ, ರಾಸಾಯನಿಕದ ಉಗ್ರಾಣದಿಂದ ಕದ್ದುತಂದ ಮೆಥನಾಲಿನಿಂದ ಪ್ರಾಣಬಿಟ್ಟರು. ಬಿಹಾರದ ಸಾರಣದಲ್ಲಿ 2022ರ ಡಿಸೆಂಬರಿನಲ್ಲಿಯೂ, ಪಂಜಾಬಿನ ಮಜೀಠಾದಲ್ಲಿ 2025ರ ಮೇ ತಿಂಗಳಲ್ಲಿಯೂ ಇದೇ ಕಥೆ. ನೇಣಿನ ಭಯವು ಇವರಾರ ಕೈಯನ್ನೂ ಹಿಡಿಯಲಿಲ್ಲ. ಹಿಡಿಯದಿರುವುದಕ್ಕೆ ಕಾರಣವೂ ದುರ್ಗ್ರಾಹ್ಯವಲ್ಲ. ತನ್ನ ಗಿರಾಕಿಗಳು ಸಾಯಬೇಕೆಂದು ಯಾವ ಮಾರಾಟಗಾರನೂ ಬಯಸನು. ನೀರನ್ನು ತಕ್ಕಷ್ಟು ಸೇರಿಸಿದ್ದೇನೆ, ಹಿಂದೆ ಏನೂ ಆಗಲಿಲ್ಲ, ಈಗಲೂ ಆಗದು ಎಂದು ಅವನು ಭಾವಿಸುತ್ತಾನೆ. ತನಗೆ ಅನ್ವಯಿಸುವುದೆಂದು ಅವನು ನಂಬದ ಶಿಕ್ಷೆ ಎಷ್ಟು ಘೋರವಾದರೇನು? ತೀಕ್ಷ್ಣವಾದ ದಂಡನೆ ಪ್ರಜೆಗಳಲ್ಲಿ ಉದ್ವೇಗವನ್ನು ಹುಟ್ಟಿಸುವುದೆಂದೂ, ಮೃದುವಾದುದು ತಿರಸ್ಕಾರಕ್ಕೆ ಗುರಿಯಾಗುವುದೆಂದೂ, ಯಥಾರ್ಹವಾದುದೇ ಪೂಜ್ಯವೆಂದೂ ಕೌಟಿಲ್ಯನು ಹೇಳಿದ್ದಾನೆ. ಸುರಾಧ್ಯಕ್ಷನ ಕರ್ತವ್ಯಕ್ಕೆಂದು ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಾಗಿಟ್ಟ ಗ್ರಂಥಕಾರನ ಮಾತು ಇದು. 1764ರಲ್ಲಿ ಇಟಲಿಯ ಬೆಕಾರಿಯಾ, ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯಕ್ಕಿಂತ ಹೆಚ್ಚಾಗಿ ಅದರ ನಿಶ್ಚಿತತೆ ಎಂದು ವಾದಿಸಿದನು.

ನಿಶ್ಚಿತತೆಯ ವಿಷಯದಲ್ಲಿ ಬಿಹಾರದ ಗೋಪಾಲಗಂಜಿನ ಮೊಕದ್ದಮೆ ಕಣ್ತೆರೆಸುವಂಥದು. 2016ರ ಆಗಸ್ಟಿನಲ್ಲಿ ಖಜೂರಬಾನಿಯಲ್ಲಿ 19 ಮಂದಿ ಸತ್ತ ಆ ಪ್ರಕರಣದಲ್ಲಿ 2021ರಲ್ಲಿ ವಿಚಾರಣಾ ನ್ಯಾಯಾಲಯವು ಒಂಬತ್ತು ಜನರಿಗೆ ಮರಣದಂಡನೆಯನ್ನು ವಿಧಿಸಿತು. ಪಟ್ನಾದ ಉಚ್ಚ ನ್ಯಾಯಾಲಯವು 2022ರಲ್ಲಿ ಆ ಶಿಕ್ಷೆಗಳನ್ನು ರದ್ದುಮಾಡಿ ಅವರನ್ನು ಬಿಡುಗಡೆಮಾಡಿತು. ದಂಡ ಘೋರವಾದಷ್ಟೂ ನ್ಯಾಯಾಧೀಶನು ಸಾಕ್ಷ್ಯವನ್ನು ಹೆಚ್ಚು ಸೂಕ್ಷ್ಮವಾಗಿ ತೂಗಬೇಕಾದುದು ಧರ್ಮ. ಆದರೆ ಕಳ್ಳಭಟ್ಟಿಯ ಪ್ರಕರಣದಲ್ಲಿ ಸಾಕ್ಷ್ಯವೆಲ್ಲಿರುತ್ತದೆ? ಕುಡಿದವರು ಸತ್ತಿರುತ್ತಾರೆ, ಉಳಿದವರು ತಾವೂ ಕುಡಿದೆವೆಂದು ಹೇಳಲು ಅಂಜುತ್ತಾರೆ, ಕ್ಯಾನುಗಳು ಬಾವಿಗೋ ಕೆರೆಯಂಗಳಕ್ಕೋ ಸೇರಿರುತ್ತವೆ, ಹೆಣಗಳು ಎಷ್ಟೋ ಸಲ ಪರೀಕ್ಷೆಯಿಲ್ಲದೆ ಸುಡಲ್ಪಟ್ಟಿರುತ್ತವೆ. ಯಾವನ ಕೈಯಿಂದ ಬಂದ ಯಾವ ಬಾಟಲಿ ಯಾವನನ್ನು ಕೊಂದಿತೆಂಬ ಸರಪಳಿಯ ಒಂದು ಕೊಂಡಿ ಕಳಚಿದರೂ ನೇಣಿನ ಕಲಮು ನಿಷ್ಪ್ರಯೋಜಕ.

ಮದ್ಯವನ್ನು ಬಿಟ್ಟು ಮಾದಕದ್ರವ್ಯಗಳ ಕಡೆಗೆ ತಿರುಗಿದರೆ ತೊಡಕು ಇನ್ನೂ ಗಾಢವಾಗುತ್ತದೆ. 1985ರ ಎನ್‌ಡಿಪಿಎಸ್ ಕಾಯಿದೆಯು ಅಪರಾಧವನ್ನು ತೂಕದಿಂದ ಅಳೆಯುತ್ತದೆ: ಗಾಂಜಾ 20 ಕಿಲೋಗ್ರಾಮನ್ನು ಮೀರಿದರೆ, ಹೆರಾಯಿನ್ 250 ಗ್ರಾಮನ್ನು ಮೀರಿದರೆ, ಎಂಡಿಎಂಎ 10 ಗ್ರಾಮನ್ನು ಮೀರಿದರೆ ವಾಣಿಜ್ಯದ ಪ್ರಮಾಣವೆಂದೆಣಿಸಿ ಕನಿಷ್ಠ ಹತ್ತು ವರ್ಷಗಳ ಸೆರೆ. ಐದು ಗ್ರಾಮಿನೊಳಗಿನ ಹೆರಾಯಿನ್ ಅಲ್ಪ ಪ್ರಮಾಣ. ಅದಕ್ಕೆ ಹೆಚ್ಚೆಂದರೆ ಒಂದು ವರ್ಷ. ಆ ಅಲ್ಪ ಪ್ರಮಾಣದ ಒಂದು ಚಿಟಿಕೆಯಿಂದ ಕಾಲೇಜಿನ ಹುಡುಗನೊಬ್ಬನು ಸತ್ತರೆ ಈ ಕಾಯಿದೆಯ ತಕ್ಕಡಿಗೆ ಅವನ ಪ್ರಾಣದ ಭಾರವಿಲ್ಲ. ಪೊಲೀಸರು ಮತ್ತೆ ನ್ಯಾಯ ಸಂಹಿತೆಯನ್ನೇ ಆಶ್ರಯಿಸಬೇಕು. ಸಾವಿಗೆ ಪ್ರತ್ಯೇಕವಾದ ಶಿಕ್ಷೆ ಬೇಕೆಂಬ ವಾದಕ್ಕೆ ಇಲ್ಲಿ ನಿಜವಾದ ಬಲವಿದೆಯೆಂದು ನನಗೆ ತೋರುತ್ತದೆ. ಅಮೆರಿಕದಲ್ಲಿ 1986ರ ಒಂದು ಶಾಸನವು ಅದನ್ನೇ ಮಾಡಿತು: ಮಾರಿದ ದ್ರವ್ಯದಿಂದ ಸಾವುಂಟಾದರೆ ಕನಿಷ್ಠ ಇಪ್ಪತ್ತು ವರ್ಷಗಳ ಸೆರೆ. ಆದರೆ ಸತ್ತವನ ದೇಹದಲ್ಲಿ ಮೂರುನಾಲ್ಕು ಬಗೆಯ ದ್ರವ್ಯಗಳಿದ್ದಾಗ ಯಾವುದು ಕೊಂದಿತು ಎಂಬ ಪ್ರಶ್ನೆ ಎದ್ದು, ಈತನು ಕೊಟ್ಟ ದ್ರವ್ಯವಿಲ್ಲದಿದ್ದರೆ ಆ ಸಾವು ಸಂಭವಿಸುತ್ತಿರಲಿಲ್ಲ ಎಂದು ಸಿದ್ಧಪಡಿಸಲೇಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ, ಬರೇಜ್ ಎಂಬ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. ಅದಕ್ಕಿಂತಲೂ ದುಃಖಕರವಾದುದೆಂದರೆ, ಇಂಥ ಕಾನೂನುಗಳ ಬಲೆಗೆ ದೊಡ್ಡ ವ್ಯಾಪಾರಿಗಿಂತ ಹೆಚ್ಚಾಗಿ ಸತ್ತವನೊಡನೆ ಕುಳಿತು ಸೇವಿಸಿದ ಗೆಳೆಯನೇ, ತಂದುಕೊಟ್ಟ ಒಡನಾಡಿಯೇ ಬೀಳುತ್ತಿರುವುದು. ಉಸಿರುಕಟ್ಟುತ್ತಿರುವವನನ್ನು ಕಂಡು ಆಂಬುಲೆನ್ಸನ್ನು ಕರೆಯಬೇಕಾದವನು ಇವನೇ ಅಲ್ಲವೆ? ಕರೆದರೆ ತಾನೇ ಕೊಲೆಗಾರನೆನಿಸುವೆನೆಂಬ ಭಯವಿದ್ದರೆ ಅವನು ಓಡಿಹೋಗುತ್ತಾನೆ. ಇದನ್ನು ಅರಿತುಕೊಂಡು 2007ರಲ್ಲಿ ಮೊದಲಿಗೆ ನ್ಯೂ ಮೆಕ್ಸಿಕೋ ಸಂಸ್ಥಾನವೂ, ಆಮೇಲೆ ಅಲ್ಲಿನ ಬಹುಪಾಲು ಸಂಸ್ಥಾನಗಳೂ, ನೆರವನ್ನು ಕರೆದವನಿಗೆ ರಕ್ಷಣೆಯನ್ನು ಕೊಡುವ ಶಾಸನಗಳನ್ನು ಮಾಡಿದುವು.

ಈ ಅನುಭವ ನಮಗೇಕೆ ಮುಖ್ಯವೆಂದರೆ, ಕೋಲಾರದ ಹಳ್ಳಿಗಳಲ್ಲಿಯೂ ಸರಪಳಿಯ ಕೊನೆಯ ಕೈ ಸಾಮಾನ್ಯವಾಗಿ ಬಡವರದೇ. ಗುಡಿಸಲಿನ ಹಿಂದೆ ಕ್ಯಾನನ್ನಿಟ್ಟುಕೊಂಡು ಲೋಟದ ಲೆಕ್ಕದಲ್ಲಿ ಮಾರುವವರು ಎಷ್ಟೋ ಕಡೆ ಬೇರೆ ಗತಿಯಿಲ್ಲದ ಹೆಂಗಸರು. ತಾವು ಮಾರುವ ಸರಕನ್ನು ತಾವೇ ಕುಡಿದು ಸಾಯುವವರೂ ಇದ್ದಾರೆ. ಪೀಪಾಯಿಯ ಲೆಕ್ಕದಲ್ಲಿ ಮೆಥನಾಲನ್ನು ಕಾರ್ಖಾನೆಯಿಂದ ಹೊರಗೆ ಬಿಟ್ಟವನು, ಅದರ ಬಿಲ್ಲನ್ನು ತಿದ್ದಿದವನು, ಅದು ಏನೆಂಬುದನ್ನು ಬಲ್ಲವನಾಗಿಯೂ ನೀರು ಬೆರಸಿ ಸಾರಾಯಿಯೆಂದು ಹಂಚಿದವನು, ತಿಂಗಳ ಮಾಮೂಲನ್ನು ಪಡೆದು ಕಣ್ಣುಮುಚ್ಚಿಕೊಂಡ ಅಧಿಕಾರಿ, ಇವರ ಅರಿವೂ ಆ ಹೆಂಗಸರ ಅರಿವೂ ಒಂದೇ ಅಲ್ಲ. ಕಠಿಣವಾದ ಶಾಸನವೊಂದು ವಿಧಾನಸೌಧಕ್ಕೆ ಬರುವುದಾದರೆ ಅದು ಅರಿವಿಗೆ ತಕ್ಕಂತೆ ಶಿಕ್ಷೆಯನ್ನು ಮೆಟ್ಟಿಲುಮಾಡಿ ಇಡಬೇಕು. ತಿಳಿದೂ ಬೆರಸಿದವನಿಗೆ ಜೀವಾವಧಿಯ ಸೆರೆ ಹೆಚ್ಚೆಂದು ನಾನು ಹೇಳಲಾರೆ. ಅವನಿಂದ ವಸೂಲಾದ ದಂಡ ಸತ್ತವರ ಹೆಂಡಿರು ಮಕ್ಕಳಿಗೂ ಕಣ್ಣು ಕಳೆದುಕೊಂಡವರಿಗೂ ಸಲ್ಲಬೇಕು. ಮೆಥನಾಲಿನ ಪ್ರತಿಯೊಂದು ಪೀಪಾಯಿಯೂ ಎಲ್ಲಿಂದ ಹೊರಟಿತು, ಎಲ್ಲಿ ಇಳಿಯಿತು ಎಂಬ ಲೆಕ್ಕವು ಕರ್ನಾಟಕ, ಆಂಧ್ರ, ತಮಿಳುನಾಡು ಮೂರಕ್ಕೂ ಒಂದೇ ಪುಸ್ತಕದಲ್ಲಿ ಕಾಣುವಂತಿರಬೇಕು. ವಿಷದ ಮಾರಾಟವನ್ನು ನಿಯಂತ್ರಿಸಲು 1919ರ ವಿಷಗಳ ಅಧಿನಿಯಮವು ರಾಜ್ಯಗಳಿಗೆ ಅಧಿಕಾರವನ್ನು ಕೊಟ್ಟು ನೂರು ವರ್ಷಗಳ ಮೇಲಾಯಿತು. ಅಧಿಕಾರದ ಕೊರತೆಯೆಂಬ ನೆವ ಇಲ್ಲಿ ಸಲ್ಲದು.

ಇವೆಲ್ಲಕ್ಕಿಂತ ಮೊದಲು ಆಗಬೇಕಾದುದೊಂದಿದೆ. 2008ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ 108ರ ಆಂಬುಲೆನ್ಸು ಇನ್ನೂ ಇರಲಿಲ್ಲ; ಅದು ಬಂದುದು ಆ ವರ್ಷದ ನವೆಂಬರಿನಲ್ಲಿ. ಈಗ ಅದುಂಟು, ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯುಂಟು, ಟಮಕದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯುಂಟು, ತಾಲ್ಲೂಕು ಕೇಂದ್ರಗಳಲ್ಲಿಯೂ ಸರ್ಕಾರಿ ಆಸ್ಪತ್ರೆಗಳುಂಟು. ರೋಗಿಯನ್ನೂ ಆಸ್ಪತ್ರೆಯನ್ನೂ ಅಗಲಿಸಿ ನಿಂತಿರುವುದು ಈಗ ದಾರಿಯ ದೂರವಲ್ಲ, ಪೊಲೀಸ್ ಕೇಸಾದೀತೆಂಬ ಹೆದರಿಕೆ. ಈ ಹೆದರಿಕೆಯನ್ನು ಕಳೆಯುವ ಮಾದರಿಗಳು ನಮ್ಮ ಶಾಸನಗಳಲ್ಲಿಯೇ ಇವೆ. ಎನ್‌ಡಿಪಿಎಸ್ ಕಾಯಿದೆಯ 64-ಎ ಕಲಮು, ತಾನಾಗಿಯೇ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆಯನ್ನು ಕೊಡುತ್ತದೆ. ಅಪಘಾತಕ್ಕೊಳಗಾದವರನ್ನು ಆಸ್ಪತ್ರೆಗೆ ತರುವ ದಯಾಳುಗಳಿಗೆ ರಕ್ಷಣೆಯನ್ನೀಯುವ ಶಾಸನವನ್ನು 2016ರಲ್ಲಿ ಅಂಗೀಕರಿಸಿದ ಕರ್ನಾಟಕವು ಆ ಬಗೆಯ ಕಾಯಿದೆಯನ್ನು ಮಾಡಿದ ಮೊದಲನೆಯ ರಾಜ್ಯವಾಯಿತು. ವಿಷಮದ್ಯವನ್ನೋ ಮಾದಕದ್ರವ್ಯವನ್ನೋ ಸೇವಿಸಿ ಬಿದ್ದವನನ್ನು ಕರೆತಂದವನ ಮೇಲೆ, ಅವನು ತಾನೂ ಕುಡಿದವನಾಗಿರಲಿ, ಲೋಟದ ಲೆಕ್ಕದಲ್ಲಿ ಮಾರಿದವನೇ ಆಗಿರಲಿ, ಆ ಕರೆತಂದ ಕಾರ್ಯದಿಂದಲೇ ದೊರೆತ ಮಾಹಿತಿಯನ್ನು ಮೊಕದ್ದಮೆಗೆ ಬಳಸಕೂಡದೆಂಬ ಒಂದು ಕಲಮನ್ನು ಸ್ಪಷ್ಟವಾದ ಮಾತುಗಳಲ್ಲಿ ಬರೆಯುವುದಕ್ಕೆ ಬೊಕ್ಕಸದಿಂದ ಹಣ ಬೇಕಾಗಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಶಾಸಕರು ಯಾವ ಪಕ್ಷದವರೇ ಆಗಲಿ, ಮುಂದಿನ ದುರಂತಕ್ಕೆ ಕಾಯದೆ, ಮುಂದಿನ ಅಧಿವೇಶನದಲ್ಲಿಯೇ ಈ ಒಂದು ಕಲಮನ್ನು ಕೇಳಬೇಕೆಂದು ಈ ನಾಲ್ಕು ತಾಲ್ಲೂಕುಗಳ ಮತದಾರರು ಅವರನ್ನು ಒತ್ತಾಯಪಡಿಸಲಿ.